ಚಿಗರಿ ರಸ್ತೆ ದಾಟುವ ಹೊತ್ತು, ನಾವು ಹಾಲು ಒಯ್ಯುವ ಹೊತ್ತು



ಮೇವು, ಲಸಿಕೆ, ಹಾಲಿನ ಫ್ಯಾಟು ಇವುಗಳ ಬಗ್ಗೆ ಬರೆಯುವ ಪುಟದಲ್ಲಿ ಕಾಡುಪ್ರಾಣಿಯ ಮಾತು ಏಕೆ ಎಂದು ತಾವು ಕೇಳಬಹುದು. ನಮ್ಮದು ದಿನಕ್ಕೆ ಎರಡು ಸಲ ರಸ್ತೆಗೆ ಇಳಿಯಲೇಬೇಕಾದ ಕಸುಬು. ಬೆಳಕು ಹರಿಯುವ ಮುಂಚೆ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ಹಾಲಿನ ಕ್ಯಾನು ಹೇರಿಕೊಂಡು ಸಂಘಕ್ಕೆ ಹೋಗುತ್ತೇವೆ. ಚಿಗರಿ, ಜಿಂಕೆ, ಕಾಡುಹಂದಿಗಳು ಜಾಗ ಬದಲಿಸುವುದೂ ಇದೇ ಎರಡು ಹೊತ್ತಿನಲ್ಲಿ. ಲಾರಿಯವನು ಚಿಗರಿಗೆ ಬಡಿದರೆ ಸಾಯುವುದು ಚಿಗರಿ ಮಾತ್ರ. ಮೋಟಾರ್ ಸೈಕಲ್ಲಿನವರು ಬಡಿದರೆ ಪ್ರಾಣಿಯ ಜೊತೆಗೆ ಸವಾರನೂ ಬೀಳುತ್ತಾನೆ. ಆದ್ದರಿಂದ ಇಂಥ ಅಪಘಾತ ಎಲ್ಲಿ ಮತ್ತು ಯಾವಾಗ ಆಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ನಮಗೇ ಹೆಚ್ಚು ಅಗತ್ಯ.

ಮೊದಲು ಹೆಸರಿನ ವಿಷಯ. ನಮ್ಮ ಭಾಗದ ಯರಿ ಹೊಲಗಳಲ್ಲಿ ಹಿಂಡಾಗಿ ಕಾಣುವ ಚಿಗರಿ, ಅಂದರೆ ಕೃಷ್ಣಮೃಗ, ಶಾಸ್ತ್ರದ ಪ್ರಕಾರ ಜಿಂಕೆಯ ಜಾತಿಗೆ ಸೇರಿದ್ದಲ್ಲ. ಜಿಂಕೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ತಿರುಚಿದ ಕೊಂಬು ನಮ್ಮ ಆಕಳಿನ ಕೊಂಬಿನಂತೆ ಒಮ್ಮೆ ಬಂದರೆ ಜೀವ ಇರುವವರೆಗೂ ಇರುತ್ತದೆ. ಮೆಲುಕು ಹಾಕುವುದರಲ್ಲಿ ಎರಡೂ ನಮ್ಮ ದನಗಳಂತೆಯೇ. ಆದರೆ ರಸ್ತೆಯ ಮಟ್ಟಿಗೆ ಈ ಭೇದ ಬೇಕಾಗಿಲ್ಲ. ಎರಡೂ ಬೆದರುವುದು, ಹಾರುವುದು, ಒಂದರ ಹಿಂದೆ ಒಂದು ಓಡುವುದು ಒಂದೇ ರೀತಿ.

ಯಾವ ಹೊತ್ತು?

ಅಮೆರಿಕದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜಿಂಕೆಗಳಿಗೆ ವಾಹನ ಬಡಿಯುತ್ತದೆ. ಅಲ್ಲಿ ಇದು ವಿಮಾ ಕಂಪನಿಗಳಿಗೆ ದೊಡ್ಡ ತಲೆನೋವಾದ್ದರಿಂದ ಲೆಕ್ಕವನ್ನೂ ಚೆನ್ನಾಗಿ ಇಟ್ಟಿದ್ದಾರೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಸೂರ್ಯ ಮುಳುಗುವ ಮುಂಚಿನ ಎರಡು ಗಂಟೆಗಿಂತ ಮುಳುಗಿದ ನಂತರದ ಎರಡು ಗಂಟೆಗಳಲ್ಲಿ ಇಂಥ ಡಿಕ್ಕಿ 14 ಪಟ್ಟು ಹೆಚ್ಚು. ಅದೇ ಅಧ್ಯಯನದಲ್ಲಿ ಇನ್ನೊಂದು ಕುತೂಹಲದ ಸಂಗತಿ ಇದೆ. ಆ ದೇಶದಲ್ಲಿ ನವೆಂಬರಿನಲ್ಲಿ ಹೆಚ್ಚಿನವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಜಿಂಕೆಗೆ ಗಡಿಯಾರ ತಿಳಿಯದು. ಆದರೆ ಕೆಲಸ ಮುಗಿಸಿ ಮನೆಗೆ ಹೋಗುವವರ ವಾಹನಗಳು ಒಮ್ಮೆಲೇ ಕತ್ತಲಿನ ಹೊತ್ತಿಗೆ ಬೀಳುತ್ತವೆ. ಆ ಒಂದು ವಾರದಲ್ಲೇ ಡಿಕ್ಕಿಗಳು ಶೇಕಡಾ 16ರಷ್ಟು ಏರುತ್ತವೆ. ಅಂದರೆ ಪ್ರಾಣಿ ಹೆಚ್ಚು ತಿರುಗಾಡುವ ಹೊತ್ತು ಮತ್ತು ಜನ ಹೆಚ್ಚು ತಿರುಗಾಡುವ ಹೊತ್ತು ಕತ್ತಲಲ್ಲಿ ಒಂದಾದಾಗ ಅಪಾಯ ಹೆಚ್ಚು.

ನಾವು ಗಡಿಯಾರ ತಿರುಗಿಸುವುದಿಲ್ಲ. ಆದರೆ ನಮ್ಮಲ್ಲಿ ಸೂರ್ಯನೇ ಸರಿಯುತ್ತಾನೆ. ಕಲಬುರಗಿಯಲ್ಲಿ ಜೂನ್ ತಿಂಗಳಲ್ಲಿ ಸೂರ್ಯೋದಯ 6 ಗಂಟೆಯ ಒಳಗೇ ಆಗುತ್ತದೆ, ಸೂರ್ಯಾಸ್ತ 7 ಗಂಟೆಯ ಸುಮಾರಿಗೆ. ಡಿಸೆಂಬರ್ ಕೊನೆಗೆ ಸೂರ್ಯೋದಯ 6.45 ದಾಟುತ್ತದೆ, ಸಂಜೆ 6ಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ. ಸಂಘದ ಬಾಗಿಲು ತೆರೆಯುವ ವೇಳೆ ಮಾತ್ರ ವರ್ಷವಿಡೀ ಹೆಚ್ಚುಕಡಿಮೆ ಅದೇ. ಮಳೆಗಾಲದ ಆರಂಭದಲ್ಲಿ ಬೆಳಕಿನಲ್ಲಿ ಹಾಲು ಹಾಕಿ ಬರುತ್ತಿದ್ದವರು ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಎರಡೂ ಹೊತ್ತು ನಸುಗತ್ತಲಲ್ಲೇ ಹೋಗಿ ಬರಬೇಕಾಗುತ್ತದೆ. ದಾರಿ ಅದೇ, ಗಂಟೆಯೂ ಅದೇ, ಆದರೆ ಅಪಾಯ ಮೊದಲಿಗಿಂತ ಹೆಚ್ಚು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಆ ದಿನಗಳಲ್ಲಿ ಯರಿ ಹೊಲದ ಹಳ್ಳಗಳ ಮೇಲೆ ಮಂಜು ಕವಿದರಂತೂ ಕೇಳುವುದೇ ಬೇಡ.

ಚಿಗರಿಯ ದಿನಚರಿ ಅಮೆರಿಕದ ಜಿಂಕೆಗಿಂತ ಸ್ವಲ್ಪ ಬೇರೆ ಎಂಬುದನ್ನೂ ಹೇಳಬೇಕು. ಇದು ಮುಖ್ಯವಾಗಿ ಹಗಲಿನ ಪ್ರಾಣಿ. ಬಯಲಿನಲ್ಲಿ ನಿಂತು ದೂರದಿಂದಲೇ ಶತ್ರುವನ್ನು ಕಂಡು ಓಡುವುದು ಅದರ ರಕ್ಷಣೆ. ಬೆಳಗಿನ ಮತ್ತು ಸಂಜೆಯ ತಂಪು ಹೊತ್ತಿನಲ್ಲಿ ಮೇಯುತ್ತದೆ, ಬಿಸಿಲೇರಿದಾಗ ನೆರಳು ನೋಡಿಕೊಂಡು ಮಲಗುತ್ತದೆ. ಹಾಗಾಗಿ ಇದು ರಸ್ತೆಗೆ ಬರುವುದು ಹೆಚ್ಚಾಗಿ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ನಡುರಾತ್ರಿ ರಸ್ತೆಗೆ ನುಗ್ಗುವುದು ಹೆಚ್ಚಾಗಿ ಕಾಡುಹಂದಿ. ಮೋಟಾರ್ ಸೈಕಲ್ ಸವಾರರಿಗೆ ಚಿಗರಿಗಿಂತ ಇದು ಕೆಟ್ಟದ್ದು. ನೆಲಮಟ್ಟದಲ್ಲಿ ಓಡುವ ಕಪ್ಪು ಪ್ರಾಣಿ, ಬಡಿದ ಮೇಲೆಯೇ ಕಾಣುವುದು.

ಯಾವ ಕಾಲ?

ನಮ್ಮ ಹೊಲದ ಪಂಚಾಂಗವೇ ಚಿಗರಿಯ ಪಂಚಾಂಗ. ಮುಂಗಾರಿ ಬಿದ್ದು ಹೆಸರು, ಉದ್ದು ಚಿಗುರುವಾಗ ಹಿಂಡು ಹೊಲಕ್ಕೆ ಇಳಿಯುವುದನ್ನು ತಾವು ನೋಡಿದ್ದೀರಿ. ತೊಗರಿ ಎದೆಮಟ್ಟ ಬೆಳೆದ ಮೇಲೆ ಚಿಗರಿ ಅದರೊಳಗೆ ಇರಲು ಒಪ್ಪುವುದಿಲ್ಲ. ಸುತ್ತ ಕಾಣದ ಜಾಗ ಅದಕ್ಕೆ ಭಯ. ಆಗ ಉಳಿಯುವ ಬಯಲು ಯಾವುದು? ಗಾಯರಾಣ, ಬೀಳು ಹೊಲ, ಕೆರೆ ಅಂಗಳ ಮತ್ತು ರಸ್ತೆಯ ಬದಿ. ಬೆಳೆ ಎತ್ತರವಾದಷ್ಟೂ ಹಿಂಡು ರಸ್ತೆಯ ಹತ್ತಿರ ಸರಿಯುವ ಸಂಭವ ಹೆಚ್ಚು. ಮೇಲಾಗಿ ತೊಗರಿ ರಸ್ತೆಯ ಅಂಚಿನವರೆಗೆ ನಿಂತಿದ್ದರೆ ಅದರ ಸಾಲಿನಿಂದ ಹಾರಿ ಬರುವ ಪ್ರಾಣಿ ನಿಮಗೆ ಕಾಣುವುದು ಡಾಂಬರಿನ ಮೇಲೆ ಬಂದಾಗಲೇ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ಲು ಆರಂಭವಾದ ಮೇಲೆ ಹಿಂಡುಗಳು ಮತ್ತೆ ಚದುರಿ ಹೊಸ ಹೊಲ ಹುಡುಕುತ್ತವೆ. ಕಡಲೆ, ಕುಸುಬಿ ಹಸಿರಾಗಿರುವ ಕಡೆಗೆ ಅವುಗಳ ಓಟ. ಕತ್ತಲೂ ಆಗಲೇ ಹೆಚ್ಚು ಎಂಬುದನ್ನು ಮೇಲೆ ಹೇಳಿದೆ.

ಬೇಸಿಗೆಯಲ್ಲಿ ಕಾರಣ ಬೇರೆ. ಮಾರ್ಚಿಯಿಂದ ಮೇ ತನಕ ಹಳ್ಳ ಬತ್ತಿದಾಗ ನೀರಿದ್ದ ಕಡೆ ಹೋಗಲೇಬೇಕು. ಭೀಮಾ ತೀರ, ಕಾಲುವೆ, ಕೃಷಿ ಹೊಂಡ, ಊರ ಕೆರೆ ಎಲ್ಲವೂ ಒಂದಲ್ಲ ಒಂದು ರಸ್ತೆಯ ಆಚೆಗೇ ಇರುತ್ತವೆ. ದಿನಕ್ಕೆ ಒಮ್ಮೆ ನೀರಿಗೆ ಹೋಗುವ ಪ್ರಾಣಿ ರಸ್ತೆಯನ್ನು ಎರಡು ಸಲ ದಾಟಬೇಕು.

ಇದರ ಜೊತೆಗೆ ಬೆದೆಯ ಕಾಲ. ಚಿಗರಿ ವರ್ಷವಿಡೀ ಮರಿ ಹಾಕಿದರೂ ಬೇಸಿಗೆಯ ಹೊತ್ತಿಗೊಮ್ಮೆ, ಮಳೆಗಾಲದ ಕೊನೆಗೊಮ್ಮೆ ಗಂಡುಗಳ ಕಾದಾಟ ಜೋರಾಗುತ್ತದೆ. ಕರಿ ಬಣ್ಣಕ್ಕೆ ತಿರುಗಿದ ಹೋರಿ ಚಿಗರಿ ತನ್ನ ಜಾಗದಿಂದ ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುವಾಗ ರಸ್ತೆ, ಲಾರಿ ಯಾವುದೂ ಅದರ ಕಣ್ಣಿಗೆ ಬೀಳುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಬಲ್ಲ ಪ್ರಾಣಿ ಅದು. ಅಮೆರಿಕದಲ್ಲಿ ಡಿಕ್ಕಿಗಳು ನವೆಂಬರಿನಲ್ಲಿ ಅತಿ ಹೆಚ್ಚಾಗುವುದಕ್ಕೂ ಬೆದೆಯ ಕಾಲ ಒಂದು ದೊಡ್ಡ ಕಾರಣ.

ಯಾವ ಜಾಗ?

ನಟ್ಟನಡುವಿನ ಊರಿನಲ್ಲಿ ಇಂಥದ್ದು ನಡೆಯುವುದಿಲ್ಲ. ತೀರಾ ಹಾಳಾದ, ಗುಂಡಿಬಿದ್ದ ಹೊಲದ ರಸ್ತೆಯಲ್ಲೂ ಅಪರೂಪ. ಅಲ್ಲಿ ಯಾರೂ ವೇಗವಾಗಿ ಓಡಿಸಲಾರರು. ಅಪಾಯ ಇರುವುದು ಊರು ಮುಗಿದು ಬಯಲು ಆರಂಭವಾಗುವ ಅಂಚಿನಲ್ಲಿ. ಕೋಟನೂರ ಭಾಗವನ್ನೇ ನೋಡಿರಿ. ಕಲಬುರಗಿ ನಗರ ಜೇವರ್ಗಿ ರಸ್ತೆಯ ಕಡೆಗೆ ಬೆಳೆಯುತ್ತಾ ಬಂದಿದೆ. ನಗರದ ದೀಪ, ರಸ್ತೆ ಉಬ್ಬು, ವಾಹನಗಳ ಸಂದಣಿ ಇರುವವರೆಗೆ ಚಾಲಕ ಬಿಗಿಯಾಗಿ ಹಿಡಿದು ಓಡಿಸುತ್ತಾನೆ. ದೀಪ ಮುಗಿದು ಫರಹತಾಬಾದ ಕಡೆಗೆ ರಸ್ತೆ ನೇರವಾದ ಕೂಡಲೇ ಆಕ್ಸಿಲರೇಟರ್ ಒತ್ತುತ್ತಾನೆ. ಬೆಳಕಿಗೆ ಹೊಂದಿಕೊಂಡಿದ್ದ ಕಣ್ಣು ಕತ್ತಲೆಗೆ ಇನ್ನೂ ಹೊಂದಿರುವುದಿಲ್ಲ, ವೇಗ ಮಾತ್ರ ಏರಿರುತ್ತದೆ. ಹೊಲದಿಂದ ಮರಳುವ ಎಮ್ಮೆ, ಎತ್ತಿನ ಬಂಡಿ, ಹಾಲಿನ ಕ್ಯಾನಿನ ಸೈಕಲ್ಲು, ಬಯಲಿನ ಪ್ರಾಣಿ ಎಲ್ಲವೂ ಸಿಗುವುದು ಇದೇ ಪಟ್ಟಿಯಲ್ಲಿ. ಹುಮನಾಬಾದ ರಸ್ತೆಯಲ್ಲಿ ಕಮಲಾಪುರದ ಆಚೆಯೂ ಹೀಗೆಯೇ ಲೆಕ್ಕ ಹಾಕಿರಿ. ಅಲ್ಲಿ ನೆಲ ಏರಿಳಿತದ್ದು, ತಿರುವು ಹೆಚ್ಚು. ಏರು ಹತ್ತಿ ಇಳಿಯುವ ತುದಿಯಲ್ಲಿ ಮುಂದಿನದು ಕಾಣುವುದಿಲ್ಲ.

ಇನ್ನು ಹಳ್ಳದ ಸೇತುವೆಗಳು. ಹಳ್ಳದ ಗುಂಟ ಗಿಡಗಂಟಿ ಇರುವುದರಿಂದ ಪ್ರಾಣಿಗಳು ಅದನ್ನೇ ದಾರಿ ಮಾಡಿಕೊಂಡು ಬರುತ್ತವೆ, ಸೇತುವೆಯ ಪಕ್ಕದಲ್ಲಿ ಮೇಲೇರಿ ರಸ್ತೆ ದಾಟುತ್ತವೆ. ಬಳ್ಳಾರಿ ಜಾಲಿ ರಸ್ತೆಗೆ ಬಾಗಿ ಬೆಳೆದ ತಿರುವುಗಳೂ ಹಾಗೆಯೇ. ನಾಲ್ಕು ಪಥದ ರಸ್ತೆಯಾದರೆ ಇನ್ನೊಂದು ತೊಂದರೆ: ಒಂದು ಬದಿ ದಾಟಿದ ಪ್ರಾಣಿ ನಡುವಿನ ಗೋಡೆ ಅಥವಾ ತಗಡಿನ ಬೇಲಿಗೆ ತಡೆದು, ಗಾಬರಿಯಿಂದ ಬಂದ ದಾರಿಗೇ ತಿರುಗಿ ನುಗ್ಗುತ್ತದೆ.

ಒಂದು ಕಾರಣವನ್ನು ನಾವೇ ಒದಗಿಸುತ್ತೇವೆ ಎಂದು ಹೇಳದೆ ವಿಧಿಯಿಲ್ಲ. ಕೊಯ್ಲಿನ ದಿನಗಳಲ್ಲಿ ಹೆದ್ದಾರಿಯನ್ನೇ ಕಣ ಮಾಡಿಕೊಂಡು ಬೆಳೆ ಹರವಿ, ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸುವ ರೂಢಿ ಬಿಟ್ಟಿಲ್ಲ. ಉಳಿದ ಕಾಳು, ಹೊಟ್ಟು ರಾತ್ರಿ ಅಲ್ಲೇ ಬಿದ್ದಿರುತ್ತದೆ. ನವಿಲು, ಹಂದಿ, ಚಿಗರಿಗೆ ಅದು ಹಾಸಿಟ್ಟ ಊಟ. ಹೊಟ್ಟಿನ ಮೇಲೆ ಬ್ರೇಕ್ ಹಾಕಿದ ಮೋಟಾರ್ ಸೈಕಲ್ ಜಾರುವುದು ಬೇರೆ. ಆ ಹೊಟ್ಟು ನಮ್ಮ ದನಗಳಿಗೆ ಒಳ್ಳೆಯ ಮೇವು; ಕಣದಲ್ಲಿ ಒಕ್ಕಿ ಕೊಟ್ಟಿಗೆಗೆ ತಂದರೆ ಎರಡೂ ಕಡೆ ಲಾಭ.

ಬಂಡೀಪುರದ ರಸ್ತೆ

ನಮ್ಮ ರಾಜ್ಯದಲ್ಲಿ ಈ ವಿಷಯ ಹೈಕೋರ್ಟಿನ ತನಕ ಹೋದದ್ದು ಬಂಡೀಪುರದ ಕಾರಣದಿಂದ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಹೆದ್ದಾರಿ (ಆಗ 212, ಈಗ 766ನೇ ಸಂಖ್ಯೆ) ಮತ್ತು ಊಟಿಯ ಕಡೆಗೆ ಹೋಗುವ ಹೆದ್ದಾರಿ (ಆಗ 67, ಈಗ 181) ಎರಡೂ ಹುಲಿ ಕಾಡಿನ ನಡುವೆ ಹಾದಿವೆ. ರಾತ್ರಿ ಖಾಲಿ ರಸ್ತೆಯಲ್ಲಿ ಸರಕಿನ ಲಾರಿಗಳು ಓಡುವ ವೇಗಕ್ಕೆ ಚುಕ್ಕೆ ಜಿಂಕೆ, ಕಡವೆ ಮುಂತಾದವು ಸಾಯುತ್ತಿದ್ದವು. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ವಿರೋಧ ಬಂತು, ಆದೇಶ ಹಿಂದೆ ಹೋಯಿತು, ಮತ್ತೆ ಬಂತು. 2010ರ ಮಾರ್ಚಿಯಲ್ಲಿ ಕರ್ನಾಟಕ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೆ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ನಾಗರಹೊಳೆಯ ಕಾಡಿನ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯನ್ನು ಅದಕ್ಕೂ ಮುಂಚೆ, 2008ರಲ್ಲೇ ರಾತ್ರಿ ಹೊತ್ತು ಮುಚ್ಚಲಾಗಿತ್ತು.

ವಯನಾಡಿನ ಜನರ ಆಕ್ಷೇಪಣೆ ಹುಸಿಯೇನಲ್ಲ. ತರಕಾರಿ, ಸರಕು, ಆಸ್ಪತ್ರೆಗೆ ಹೋಗುವವರು ಎಲ್ಲರಿಗೂ ತೊಂದರೆ ಆಯಿತು. 2019ರಲ್ಲಿ ಅಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಹೋಗುವ ಬದಲಿ ರಸ್ತೆ ಸುತ್ತು. ಹಾಲಿನಂಥ ಕೆಡುವ ಸರಕು ಸಾಗಿಸುವ ನಮಗೆ ಸುತ್ತು ದಾರಿಯ ಕಷ್ಟ ಗೊತ್ತಿದೆ. ಆದರೂ ಒಂದು ಮಾತನ್ನು ಒಪ್ಪಬೇಕು. ವೇಗ ಮಿತಿಯ ಫಲಕ, ಪ್ರಾಣಿಯ ಚಿತ್ರದ ಹಳದಿ ಬೋರ್ಡು ಇವನ್ನು ರಾತ್ರಿ ಲಾರಿಯವರು ಓದುವುದಿಲ್ಲ. ಚೆಕ್‌ಪೋಸ್ಟಿನ ಗೇಟು ಬಿದ್ದರೆ ಮಾತ್ರ ನಿಲ್ಲುತ್ತಾರೆ.

ಗೇಟು ಹಾಕಲಾಗದ ಕಡೆ ಇನ್ನೊಂದು ದಾರಿ ಇದೆ. ಮಹಾರಾಷ್ಟ್ರದ ಪೆಂಚ್ ಕಾಡಿನಲ್ಲಿ 44ನೇ ಹೆದ್ದಾರಿಯನ್ನು ಅಗಲ ಮಾಡುವಾಗ ರಸ್ತೆಯನ್ನೇ ಕಂಬದ ಮೇಲೆ ಎತ್ತಿ, ಕೆಳಗೆ ಪ್ರಾಣಿಗಳಿಗೆ 9 ಕಡೆ ದಾರಿ ಬಿಟ್ಟರು. ಅವುಗಳಲ್ಲಿ ಅತಿ ಉದ್ದದ್ದು 750 ಮೀಟರ್. 2019ರ ಮಾರ್ಚಿಯಿಂದ ಡಿಸೆಂಬರ್ ತನಕ ಕ್ಯಾಮೆರಾ ಇಟ್ಟು ನೋಡಿದಾಗ 18 ಜಾತಿಯ ಕಾಡುಪ್ರಾಣಿಗಳು ಅಲ್ಲಿ ಹಾದುಹೋಗಿದ್ದವು. ಹೆಚ್ಚು ಬಳಸಿದ್ದು ಚುಕ್ಕೆ ಜಿಂಕೆ, ಹುಲಿಯೂ ಬಳಸಿತು. ಕೆನಡಾದ ಬ್ಯಾಂಫ್ ಎಂಬಲ್ಲಿ ಬೇಲಿ ಮತ್ತು ಮೇಲ್ಸೇತುವೆ ಎರಡನ್ನೂ ಮಾಡಿ ಇಂಥ ಅಪಘಾತಗಳನ್ನು ಶೇಕಡಾ 80ಕ್ಕಿಂತ ಹೆಚ್ಚು ತಗ್ಗಿಸಿದ್ದಾರೆ. ನಮ್ಮ ಬಯಲು ಸೀಮೆಯ ಚಿಗರಿಗೆ ಇಷ್ಟು ಖರ್ಚಿನ ಕಾಮಗಾರಿ ಯಾರೂ ಮಾಡಲಿಕ್ಕಿಲ್ಲ. ನಮ್ಮ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಯಿತು, ಅದು ಕಾಡಿನ ಭಾಗ. ಹೊಲದಲ್ಲಿ ಮೇಯುವ ಚಿಗರಿಗೆ ಗಡಿಯೂ ಇಲ್ಲ, ಗೇಟೂ ಇಲ್ಲ. ಅದಕ್ಕಾಗಿಯೇ ಸವಾರನ ಕೈಯಲ್ಲಿರುವ ಬ್ರೇಕಿನ ಬಗ್ಗೆ ಹೆಚ್ಚು ಬರೆಯಬೇಕಾಗಿದೆ.

ಬ್ರೇಕಿನ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಪ್ರಾಣಿಯನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಗುತ್ತದೆ, ಅಂದರೆ 25 ಮೀಟರ್ ಮುಂದೆ ಹೋಗಿರುತ್ತೀರಿ. ಆ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಯಲ್ಲಿ ಇನ್ನು 20 ಮೀಟರ್. ಒಟ್ಟು 45 ಮೀಟರ್. ಮೋಟಾರ್ ಸೈಕಲ್ಲಿನ ಡಿಮ್ ದೀಪದಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಕಾಣುವುದು 30-40 ಮೀಟರ್ ಮಾತ್ರ. ಅಂದರೆ ಕಂಡ ಮೇಲೆ ನಿಲ್ಲಿಸಲು ಜಾಗವೇ ಇಲ್ಲ. ಅದೇ 40 ಕಿ.ಮೀ. ವೇಗವಾದರೆ ಒಟ್ಟು 26 ಮೀಟರಿನಲ್ಲಿ ನಿಲ್ಲಬಹುದು. ಈ ಲೆಕ್ಕ ಖಾಲಿ ಗಾಡಿಯದು. ಎರಡು ಬದಿಗೆ 20 ಲೀಟರಿನ ಕ್ಯಾನುಗಳಿದ್ದರೆ ಹಾಲೇ 41 ಕಿಲೋ ಆಗುತ್ತದೆ, ಕ್ಯಾನಿನ ತೂಕ ಬೇರೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ ಗಾಡಿಯನ್ನು ಎಳೆಯುತ್ತದೆ. ಟೈರು ಸವೆದಿದ್ದರೆ, ರಸ್ತೆ ಒದ್ದೆಯಾಗಿದ್ದರೆ ಇನ್ನೂ ಉದ್ದ ಬೇಕು. ಆದ್ದರಿಂದ ನಸುಗತ್ತಲಲ್ಲಿ 40ರ ಮೇಲೆ ಓಡಿಸಬಾರದು. ಐದು ಕಿ.ಮೀ. ದಾರಿಯಲ್ಲಿ ಇದರಿಂದ ತಡವಾಗುವುದು ಎರಡೂವರೆ ನಿಮಿಷ. ಅಷ್ಟರಲ್ಲಿ ಹಾಲು ಕೆಡುವುದಿಲ್ಲ.

ಪ್ರಾಣಿ ಎದುರಾದಾಗ ಪ್ರಖರ ದೀಪ ಹಾಕಿದರೆ ಅದು ಕಣ್ಣು ಕುಕ್ಕಿ ನಿಂತಲ್ಲೇ ನಿಲ್ಲುತ್ತದೆ. ದೀಪ ಡಿಮ್ ಮಾಡಿ, ವೇಗ ತಗ್ಗಿಸಿ, ಒಂದೆರಡು ಸಲ ಹಾರನ್ ಹೊಡೆದರೆ ಸಾಕು. ಒಂದು ದಾಟಿತೆಂದು ಮುಂದೆ ನುಗ್ಗಬೇಡಿರಿ. ಹಿಂಡಿನಲ್ಲಿ ಉಳಿದವು ಅದನ್ನೇ ಹಿಂಬಾಲಿಸಿ ಬರುತ್ತವೆ, ಹೆಚ್ಚಾಗಿ ಬಡಿಯುವುದು ಎರಡನೆಯದಕ್ಕೋ ಮೂರನೆಯದಕ್ಕೋ. ತಪ್ಪಿಸಲು ಹ್ಯಾಂಡಲ್ ಹೊರಳಿಸುವುದಕ್ಕಿಂತ ನೇರವಾಗಿ ಬ್ರೇಕ್ ಹಾಕುವುದೇ ಮೇಲು. ಹೊರಳಿಸಿದವರು ಎದುರಿನ ಲಾರಿಗೆ ಇಲ್ಲವೇ ತಗ್ಗಿಗೆ ಬೀಳುತ್ತಾರೆ. ಹೆಲ್ಮೆಟ್ ಬಗ್ಗೆ ಹೇಳಿ ಹೇಳಿ ಸಾಕಾಗಿದೆ. ಕ್ಯಾನಿಗೆ ಮುಚ್ಚಳ ಮರೆಯದವರು ತಲೆಗೆ ಮರೆಯುತ್ತಾರೆ.

ಬಡಿದ ಮೇಲೆ

ಮನುಷ್ಯರಿಗೆ ಪೆಟ್ಟಾಗಿದ್ದರೆ ಮೊದಲು 108ಕ್ಕೆ ಕರೆ ಮಾಡಿರಿ. ಅಪಘಾತದಲ್ಲಿ ಸಿಕ್ಕವರಿಗೆ ನೆರವಾದವರನ್ನು ಪೀಡಿಸುವಂತಿಲ್ಲ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾನೂನು ಹೇಳುತ್ತದೆ. ಪ್ರಾಣಿಯ ವಿಷಯಕ್ಕೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಗಾಯಗೊಂಡ ಚಿಗರಿಯನ್ನು ಬೆನ್ನಟ್ಟಿ ಹಿಡಿಯಬಾರದು. ಗಾಬರಿ ಮತ್ತು ಓಟದ ಆಯಾಸದಿಂದಲೇ ಅವುಗಳ ಸ್ನಾಯು ಕೆಟ್ಟು, ಗಾಯ ಸಣ್ಣದಿದ್ದರೂ ಸತ್ತುಹೋಗುತ್ತವೆ. ಬಿದ್ದಲ್ಲೇ ಇದ್ದರೆ ಕಣ್ಣಿನ ಮೇಲೆ ಒಂದು ಬಟ್ಟೆ ಹಾಕಿ, ಜನ ಸೇರದಂತೆ, ನಾಯಿ ಬರದಂತೆ ನೋಡಿಕೊಳ್ಳಿರಿ. ಬಾಯಿಗೆ ನೀರು ಸುರಿಯಬೇಡಿರಿ.

ಕನಿಕರದಿಂದ ಅದನ್ನು ಮನೆಗೆ ತಂದು ಕೊಟ್ಟಿಗೆಯಲ್ಲಿ ಕಟ್ಟುವವರಿದ್ದಾರೆ. ಹಾಗೆ ಮಾಡಲೇಬಾರದು. ಕಾಲುಬಾಯಿ ಬೇನೆ ಚಿಗರಿಗೂ ಬರುತ್ತದೆ, ನಮ್ಮ ದನಗಳಿಗೂ ಬರುತ್ತದೆ. ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಎರಡೂ ಕಡೆ ಹರಡಬಹುದು. ಮುಟ್ಟಿದ್ದರೆ ಕೈಕಾಲು ಸೋಪಿನಿಂದ ತೊಳೆದು, ಬಟ್ಟೆ ಬದಲಿಸಿ ಆಮೇಲೆ ಹಾಲು ಕರೆಯಿರಿ.

ಸತ್ತಿದ್ದರೆ? ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಪಟ್ಟಿಯಲ್ಲಿದೆ, ಹುಲಿಯಂತೆಯೇ. ಅದು ರಸ್ತೆಯಲ್ಲಿ ಸತ್ತು ಸಿಕ್ಕರೂ ಸರಕಾರದ ಸ್ವತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು. ಲಾರಿ ಬಡಿದು ಸತ್ತದ್ದು, ನಾವೇನೂ ಕೊಂದಿಲ್ಲ ಎಂದು ಮಾಂಸ ಒಯ್ದವರೂ, ಕೊಂಬು ಗೋಡೆಗೆ ಸಿಕ್ಕಿಸಿದವರೂ ಕಾನೂನಿನ ಕಣ್ಣಲ್ಲಿ ಅಪರಾಧಿಗಳೇ. ಒಂದನೇ ಪಟ್ಟಿಯ ಪ್ರಾಣಿಯ ಅಪರಾಧಕ್ಕೆ 3ರಿಂದ 7 ವರ್ಷ ಸೆರೆ, ಮೇಲೆ ದಂಡ. ಸಾಗಿಸಿದ ವಾಹನವೂ ಜಪ್ತಿಯಾಗುತ್ತದೆ. ಎರಡು ಕಿಲೋ ಮಾಂಸಕ್ಕೆ ಹಾಲಿನ ಗಾಡಿ ಕಳೆದುಕೊಳ್ಳುವುದು ಯಾವ ವ್ಯಾಪಾರ?

ನಮ್ಮ ಎಮ್ಮೆಯ ಮಾತು

ಚಿಗರಿ ಬಡಿಸಿಕೊಳ್ಳುವ ಜಾಗ, ಹೊತ್ತು ಎರಡರಲ್ಲೂ ನಮ್ಮ ಎಮ್ಮೆಗಳೂ ಇರುತ್ತವೆ. ಕಪ್ಪು ಮೈ, ಕಪ್ಪು ಡಾಂಬರು, ಮುಸ್ಸಂಜೆ. ಚಿಗರಿಯಾದರೂ ಹಾರಿ ತಪ್ಪಿಸಿಕೊಂಡೀತು, ಎಮ್ಮೆ ನಿಂತು ನೋಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಮೇಯಲು ಬಿಟ್ಟ ದನಗಳನ್ನು ಐದೂವರೆಯೊಳಗೆ ಮನೆಗೆ ಹೊಡೆದುಕೊಂಡು ಬರುವುದು ಒಳ್ಳೆಯದು. ಲಾರಿಗಳ ಹಿಂದೆ ಅಂಟಿಸುವ ಹೊಳೆಯುವ ಪಟ್ಟಿ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕೊರಳ ಹಗ್ಗಕ್ಕೆ ಸುತ್ತಿ, ಕೊಂಬಿಗೂ ಒಂದು ಸುತ್ತು ಅಂಟಿಸಿದರೆ ದೂರದ ದೀಪಕ್ಕೂ ಹೊಳೆಯುತ್ತದೆ. ಹಾಲಿನ ಕ್ಯಾನಿನ ಹಿಂಬದಿಗೂ ಒಂದು ತುಂಡು ಅಂಟಿಸಿರಿ. ಹಿಂದಿನಿಂದ ಬರುವವನಿಗೆ ನೀವು ಕಾಣುವುದು ಅದರಿಂದಲೇ.

ವಿಮೆ ಮಾಡಿಸಿದ ಆಕಳು, ಎಮ್ಮೆ ರಸ್ತೆಯಲ್ಲಿ ಸತ್ತರೆ ಅವಸರದಿಂದ ಹೂಳಬಾರದು. ಕಿವಿಯೋಲೆ ಕಿತ್ತುಹೋಗಿದ್ದರೆ ಅಲ್ಲೇ ಹುಡುಕಿ ಇಟ್ಟುಕೊಳ್ಳಿರಿ. ವಾಹನದ ನಂಬರು ಬರೆದುಕೊಂಡು ಪೊಲೀಸ್ ಠಾಣೆಗೆ ದೂರು ಕೊಡಿರಿ. ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಓಲೆ ಕಾಣುವಂತೆ ಫೋಟೋ ತೆಗೆಸಿ, ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು. ಗಾಯವಷ್ಟೇ ಆಗಿದ್ದರೆ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು.

ಸಂಘದ ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಬಹುದು. ಹಾಲು ಹಾಕುವ ಎಲ್ಲರೂ ತಾವು ಬರುವ ದಾರಿಯಲ್ಲಿ ಚಿಗರಿ, ಹಂದಿ ದಾಟುವ ಜಾಗ, ಜಾಲಿ ಮುಚ್ಚಿದ ತಿರುವು, ದನ ಬಡಿಸಿಕೊಂಡ ಸ್ಥಳ ಇವನ್ನು ಹೇಳಲಿ. ಕಾರ್ಯದರ್ಶಿಯವರು ಕಿ.ಮೀ. ಕಲ್ಲಿನ ಗುರುತಿನೊಂದಿಗೆ ಬರೆದುಕೊಳ್ಳಲಿ. ಊರ ರಸ್ತೆಯಾದರೆ ಜಾಲಿ ಕಡಿಸಲು ಗ್ರಾಮ ಪಂಚಾಯಿತಿಗೆ, ಹೆದ್ದಾರಿಯಾದರೆ ಫಲಕ ಮತ್ತು ರಸ್ತೆ ಉಬ್ಬಿಗಾಗಿ ಹೆದ್ದಾರಿ ಇಲಾಖೆಗೆ, ಪ್ರತಿಯನ್ನು ವಲಯ ಅರಣ್ಯ ಅಧಿಕಾರಿಗೆ ಕಳುಹಿಸಬಹುದು. ದಿನಕ್ಕೆ ಎರಡು ಸಲ, ವರ್ಷದ 365 ದಿನವೂ ಅದೇ ರಸ್ತೆಯಲ್ಲಿ ಓಡಾಡುವವರು ನಮ್ಮನ್ನು ಬಿಟ್ಟರೆ ಬೇರೆ ಇಲ್ಲ. ಈ ಪಟ್ಟಿ ನಮ್ಮಷ್ಟು ಸರಿಯಾಗಿ ಯಾವ ಇಲಾಖೆಯೂ ಬರೆಯಲಾರದು. ಅರ್ಜಿಗೆ ಸಂಘದ ಮೊಹರು ಹಾಕಿ, ಸ್ವೀಕೃತಿ ಪಡೆದು, ನಕಲನ್ನು ಕಡತದಲ್ಲಿಡಿರಿ.